ನಿಂತಾಗ ಬಿಸಿಯೋ, ಓಡುವಾಗಲೋ?

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಸಾಲಿನ ಹಿಂದೆ, ಒಂದು ಗಲ್ಲಿಯಲ್ಲಿ, ಬೋರ್ಡಿಲ್ಲದ ಪುಟ್ಟ ಮಳಿಗೆಯಿದೆ. ಒಳಗೆ ಒಂದು ಮರದ ಬೆಂಚು, ಗೋಡೆಯ ಮೊಳೆಗಳಿಗೆ ನೇತುಹಾಕಿದ ವೈರು, ರಿಲೇ, ಹಳೆಯ ಫ್ಯಾನ್ ಮೋಟರುಗಳು. ಗಾಡಿ ನಿಲ್ಲುವುದು ರಸ್ತೆಯಲ್ಲೇ. ಇಲ್ಲಿ ಕೂರುವ ವಾಹನ ಎಲೆಕ್ಟ್ರಿಷಿಯನ್‌ನನ್ನು ಕೆಲಸ ಕಲಿಯುವ ಹುಡುಗರು ಉಸ್ತಾದ್ ಅನ್ನುತ್ತಾರೆ. ಒಂದು ಏಪ್ರಿಲ್ ಮಧ್ಯಾಹ್ನ ಕಾಯ್ದ ಕಾರನ್ನು ನಾನು ಅಲ್ಲಿಗೆ ಒಯ್ದೆ. ಅದಕ್ಕೂ ಮೊದಲು ತೋರಿಸಿದ್ದ ಗ್ಯಾರೇಜಿನವರು ರೇಡಿಯೇಟರನ್ನೇ ಬದಲಿಸಬೇಕು ಎಂದು ಚೀಟಿ ಬರೆದುಕೊಟ್ಟಿದ್ದರು.

ಉಸ್ತಾದ್ ಬಾನೆಟ್ ಎತ್ತಲಿಲ್ಲ. "ನಿಂತಾಗ ಬಿಸಿಯಾಗುತ್ತಾ ಸಾರ್, ಓಡುವಾಗಲಾ?" ಎಂದು ಕೇಳಿದರು. ಸಿಗ್ನಲ್‌ನಲ್ಲಿ ಮುಳ್ಳು ಏರುತ್ತದೆ, ತುಮಕೂರು ರಸ್ತೆಗೆ ಬಿದ್ದು ವೇಗ ಹಿಡಿದರೆ ಇಳಿಯುತ್ತದೆ ಎಂದೆ. "ಸಿಗ್ನಲ್‌ನಲ್ಲಿ ಎ.ಸಿ. ಗಾಳಿಯೂ ಬೆಚ್ಚಗಾಗುತ್ತಾ?" ಹೌದು, ಆಗುತ್ತಿತ್ತು, ಅದನ್ನು ಬೇರೆಯೇ ತೊಂದರೆ ಎಂದುಕೊಂಡು ನಾನು ಯಾರಿಗೂ ಹೇಳಿರಲಿಲ್ಲ.

ಅರ್ಧ ರೋಗ ಅಷ್ಟಕ್ಕೇ ಗೊತ್ತಾಗಿತ್ತು. ಉರಿಯುವ ಇಂಧನದ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲನ್ನು ನೀರು ಹೊತ್ತು ತಂದು ರೇಡಿಯೇಟರಿನಲ್ಲಿ ಗಾಳಿಗೆ ಬಿಡಬೇಕು. ಗಾಡಿ ಗಂಟೆಗೆ 50–60 ಕಿ.ಮೀ. ವೇಗದಲ್ಲಿದ್ದರೆ ಎದುರುಗಾಳಿಯೇ ಸಾಕು. ನಿಂತಾಗ ಆ ಗಾಳಿಯನ್ನು ಎಳೆಯಬೇಕಾದದ್ದು ಫ್ಯಾನು. ಎ.ಸಿ.ಯ ಬಿಸಿಯನ್ನು ಹೊರಬಿಡುವ ಕಂಡೆನ್ಸರ್ ರೇಡಿಯೇಟರಿನ ಮುಂದೆಯೇ ಕೂತಿರುವುದರಿಂದ ಫ್ಯಾನ್ ನಿಂತರೆ ಎರಡೂ ಒಟ್ಟಿಗೆ ಸೊರಗುತ್ತವೆ. ಓಡುವಾಗ, ಅದರಲ್ಲೂ ಏರು ರಸ್ತೆಯಲ್ಲಿ ಕಾಯ್ದರೆ ಕತೆ ಬೇರೆ: ಕೊಳವೆಗಳಲ್ಲಿ ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿರಬಹುದು, ಥರ್ಮೋಸ್ಟಾಟ್ ತೆರೆಯದಿರಬಹುದು, ವಾಟರ್ ಪಂಪ್ ಸೋತಿರಬಹುದು. ಒಂದು ಪ್ರಶ್ನೆ ಈ ಎರಡು ದಾರಿಗಳನ್ನು ಬೇರೆ ಮಾಡಿಬಿಡುತ್ತದೆ. ಅದನ್ನು ಕೇಳದೆ ಚೀಟಿ ಬರೆಯುವುದು ನನ್ನ ಮಟ್ಟಿಗೆ ಕಸುಬಿಗೆ ಮಾಡುವ ಅವಮಾನ.

ಫ್ಯಾನು ಎಲೆಕ್ಟ್ರಿಷಿಯನ್ ಕೈಗೆ ಬಂದಿದ್ದು ತೀರ ಹಳೆಯ ಸಂಗತಿಯಲ್ಲ. ಅಂಬಾಸಡರ್‌ನಲ್ಲಿ ಅದು ಬೆಲ್ಟಿನಿಂದ ಎಂಜಿನ್ ಜೊತೆಗೇ ತಿರುಗುತ್ತಿತ್ತು. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರೆ ಪರೀಕ್ಷೆ ಮುಗಿಯಿತು. 1983ರಲ್ಲಿ ಬಂದ ಮಾರುತಿ 800 ಎಂಜಿನ್ನನ್ನು ಅಡ್ಡಲಾಗಿ ಕೂರಿಸಿಕೊಂಡಿತ್ತು. ಎಂಜಿನ್ನಿನ ತುದಿ ಚಕ್ರದ ಕಡೆ ತಿರುಗಿದ ಮೇಲೆ ರೇಡಿಯೇಟರಿಗೆ ಎದುರಾಗಿ ಬೆಲ್ಟಿನ ಫ್ಯಾನ್ ಇಡುವುದು ಹೇಗೆ? ಹಾಗಾಗಿ ಫ್ಯಾನಿಗೆ ತನ್ನದೇ ಮೋಟರ್ ಬಂತು. ಮೋಟರಿನ ಹಿಂದೆ ಫ್ಯೂಸ್, ಸಣ್ಣ ಕರೆಂಟಿನ ಹುಕುಂಗೆ ದೊಡ್ಡ ಕರೆಂಟ್ ಜೋಡಿಸುವ ರಿಲೇ, ಬಿಸಿ ಅಳೆಯುವ ಸ್ವಿಚ್ಚು ಬಂದವು. ಈಚಿನ ಗಾಡಿಗಳಲ್ಲಿ ಸ್ವಿಚ್ಚಿನ ಬದಲು ಸೆನ್ಸರ್ ಮತ್ತು ಎಂಜಿನ್ ಕಂಪ್ಯೂಟರ್. ಘಟ್ಟ ಹತ್ತುವ ಎಷ್ಟೋ ಲಾರಿಗಳಲ್ಲಿ ಇಂದಿಗೂ ಎಂಜಿನ್ನೇ ಫ್ಯಾನ್ ತಿರುಗಿಸುತ್ತದೆ, ನಡುವೆ ಸಿಲಿಕೋನ್ ಎಣ್ಣೆಯ ಕಪ್ಲಿಂಗ್ ಇರುತ್ತದೆ. ಕಾಯ್ದ ಎಂಜಿನ್ ಆರಿಸಿ ಕೈಯಿಂದ ತಿರುಗಿಸಿದಾಗ ಅದು ಬಿಗಿ ಕೊಡದೆ ಗರಗರ ಸುತ್ತಿದರೆ ಒಳಗಿನ ಎಣ್ಣೆ ಹೋಗಿದೆ ಎಂದು ಲೆಕ್ಕ.

ಉಸ್ತಾದ್ ಈಗ ಬಾನೆಟ್ ಎತ್ತಿ, ಎಂಜಿನ್ ಚಾಲು ಮಾಡಿಸಿ ಎ.ಸಿ. ಹಾಕಿಸಿದರು. ಎ.ಸಿ. ಹಾಕಿದರೆ ನೀರು ಕಾಯುವವರೆಗೆ ಕಾಯದೆ ಫ್ಯಾನ್ ತಿರುಗಲೇಬೇಕು. ತಿರುಗಲಿಲ್ಲ. ರಿಲೇಯ ಮೇಲೆ ಬೆರಳಿಟ್ಟು, ಎ.ಸಿ. ಆರಿಸಿ ಮತ್ತೆ ಹಾಕಲು ಹೇಳಿದರು. ಟಕ್ ಎಂದಿತು. "ಹುಕುಂ ಬರ್ತಾ ಇದೆ, ಕೆಲಸ ಆಗ್ತಾ ಇಲ್ಲ." ಟಕ್ ಎನ್ನದಿದ್ದರೆ ಅದೇ ನಂಬರಿನ ಇನ್ನೊಂದು ರಿಲೇ ಹಾಕಿ ನೋಡುತ್ತಿದ್ದರು. ಆಗಲೂ ಮೌನವಾಗಿದ್ದರೆ ಹುಡುಕಾಟ ಹಿಂದಕ್ಕೆ, ಸೆನ್ಸರಿನ ಕಡೆಗೆ ಹೋಗುತ್ತಿತ್ತು. ಅನೇಕ ಕಾರುಗಳಲ್ಲಿ ಸೆನ್ಸರಿನ ಕನೆಕ್ಟರ್ ಕಿತ್ತರೆ ಕಂಪ್ಯೂಟರ್ ಗಾಬರಿಯಾಗಿ ಫ್ಯಾನನ್ನು ತಾನೇ ಓಡಿಸುತ್ತದೆ. ಹಾಗೆ ಓಡಿದರೆ ಮೋಟರ್, ವೈರು ಸರಿಯಿವೆ, ಬಿಸಿಯ ಸುದ್ದಿ ತಲುಪಿಸುವವನೇ ಸುಳ್ಳು ಹೇಳುತ್ತಿದ್ದಾನೆ ಎಂದರ್ಥ.

ಮುಂದೆ ಅವರು ಮಾಡಿದ್ದು ನನಗೆ ಈ ವಿದ್ಯೆಯ ತಿರುಳಾಗಿ ಕಂಡಿತು. ಹುಡುಗ ತಂದ ಚಿಕ್ಕ ಟೆಸ್ಟ್ ಲ್ಯಾಂಪನ್ನು ಪಕ್ಕಕ್ಕಿಟ್ಟು, ವೈರು ಬೆಸೆದ ಹಳೆಯ ಹೆಡ್‌ಲೈಟ್ ಬಲ್ಬೊಂದನ್ನು ಮೋಟರಿನ ಕನೆಕ್ಟರಿಗೆ ಕೊಟ್ಟರು. ಚಿಕ್ಕ ಲ್ಯಾಂಪಿಗೆ ಎಳೆಯಷ್ಟು ಕರೆಂಟ್ ಸಾಕು. ಕಿಲುಬು ಹಿಡಿದು ಒಂದೇ ತಂತಿಯೆಳೆಯ ಮೇಲೆ ನಿಂತ ವೈರಿನಲ್ಲೂ ಅದು ಉರಿಯುತ್ತದೆ. ಫ್ಯಾನಿಗೆ ಬೇಕಾಗುವುದು ಹಲವು ಬಾರಿ 10 ಆಂಪಿಯರ್‌ಗೂ ಮೀರಿ. 55 ವ್ಯಾಟ್‌ನ ಬಲ್ಬು ನಾಲ್ಕೂವರೆ ಆಂಪಿಯರ್‌ನಷ್ಟು ಎಳೆಯುವುದರಿಂದ ದುರ್ಬಲ ವೈರಿನ ಬಣ್ಣ ಬಯಲಾಗುತ್ತದೆ. ಬಲ್ಬು ಪ್ರಖರವಾಗಿ ಉರಿಯಿತು. ವೈರೂ ಅರ್ತಿಂಗೂ ಸರಿ. ಇನ್ನು ಉಳಿದದ್ದು ಮೋಟರು.

ಕನೆಕ್ಟರ್ ಮತ್ತೆ ಜೋಡಿಸಿ, ಎಲ್ಲರ ಕೈ ಹಿಂದಕ್ಕೆ ಸರಿಸಿ, ಸ್ಕ್ರೂಡ್ರೈವರ್ ಹಿಡಿಯಿಂದ ಮೋಟರಿನ ಬೆನ್ನಿಗೆ ಮೆಲ್ಲಗೆ ಎರಡು ಏಟು ಕೊಟ್ಟರು. ಫ್ಯಾನ್ ಬುರ್ರೆಂದಿತು. "ಕಾರ್ಬನ್ ಸವೆದಿದೆ."

ನೀರು ತಣ್ಣಗಾಗಲಿ ಎಂದು ಕಾಯುತ್ತಿದ್ದಾಗ ನಾನು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದೆ. ಅವರು ನನ್ನ ಮಣಿಕಟ್ಟು ಹಿಡಿದುಬಿಟ್ಟರು. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಮುಚ್ಚಳದ ಸ್ಪ್ರಿಂಗು ಒಳಗೆ ಒತ್ತಡ ಕಟ್ಟಿ, ಕೂಲೆಂಟ್ ಜೊತೆ ಸೇರಿ ಆ ಮಿತಿಯನ್ನು 20 ಡಿಗ್ರಿಗೂ ಮೇಲಕ್ಕೆ ತಳ್ಳಿರುತ್ತದೆ. ಬಿಸಿಯಲ್ಲಿ ಮುಚ್ಚಳ ಬಿಚ್ಚಿದ ಕ್ಷಣ ಒತ್ತಡ ಹೋಗುತ್ತದೆ, ಒಳಗಿನದೆಲ್ಲ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ಗಾಡಿ ನಿಲ್ಲಿಸುವವರೂ ಮೊದಲು ಚಹಾ ಕುಡಿಯಲಿ, ಬಾನೆಟ್ ತೆರೆದಿಟ್ಟು ಅರ್ಧ ಗಂಟೆ ಬಿಡಲಿ. ಕೆಲವು ಕಾರುಗಳಲ್ಲಿ ಕೀಲಿ ತೆಗೆದ ಮೇಲೂ ಫ್ಯಾನ್ ತಾನಾಗಿ ತಿರುಗುತ್ತದೆ. ಬೆರಳು ಉಳಿಯಬೇಕೆಂದರೆ ಬ್ಯಾಟರಿಯ ನೆಗೆಟಿವ್ ವೈರು ತೆಗೆದೇ ಅತ್ತ ಕೈ ಹಾಕಬೇಕು.

ಗಾಡಿ ಆರಿತು. ಮೋಟರ್ ಬೆಂಚಿಗೆ ಬಂತು. ತಿರುಗುವ ಭಾಗಕ್ಕೆ ಕರೆಂಟ್ ದಾಟಿಸುವ ಒಳಗಿನ ಕಾರ್ಬನ್ ತುಂಡುಗಳೆರಡೂ ಸವೆದು ಕಡಲೆಬೇಳೆಯಷ್ಟಾಗಿದ್ದವು. ಅವುಗಳ ಹಿಂದಿನ ಸ್ಪ್ರಿಂಗಿಗೆ ತಾಮ್ರದ ಕಾಮ್ಯುಟೇಟರಿನವರೆಗೆ ಒತ್ತುವ ಶಕ್ತಿಯಿರಲಿಲ್ಲ. ಹುಡುಗ ನುಣುಪು ಮರಳು ಕಾಗದದಿಂದ ತಾಮ್ರ ಉಜ್ಜಿದ, ಉಸ್ತಾದ್ ಹೊಸ ಕಾರ್ಬನ್ ಬೆಸೆದು ಬೇರಿಂಗ್ ಅಲುಗಿಸಿ ನೋಡಿದರು. ಬೇರಿಂಗ್ ಬಿಗಿದ ಮೋಟರ್ ಹೆಚ್ಚು ಕರೆಂಟ್ ಎಳೆದು ಫ್ಯೂಸ್ ಸುಡುತ್ತದೆ. ಅದನ್ನರಿಯದೆ ದೊಡ್ಡ ಫ್ಯೂಸ್ ಹಾಕುವವರ ಗಾಡಿಗಳು ಇಲ್ಲಿಗೆ ವೈರು ಕರಗಿಸಿಕೊಂಡೇ ಬರುತ್ತವಂತೆ. ಕೀಲಿಗೆ ಡೈರೆಕ್ಟ್ ಕೊಟ್ಟು ಫ್ಯಾನನ್ನು ಸದಾ ಓಡಿಸುವುದೂ ಅವರಿಗೆ ಒಪ್ಪಿಗೆಯಿಲ್ಲ. ಮೋಟರ್ ಬೇಗ ಸವೆಯುತ್ತದೆ, ಮೂಲದ ರೋಗ ಒಳಗೇ ಉಳಿಯುತ್ತದೆ.

ಎಲ್ಲ ಜೋಡಿಸಿ ಎಂಜಿನ್ ಚಾಲು ಮಾಡಿದಾಗ ಫ್ಯಾನ್ ತಿರುಗಿತು. ನಾನು ಹಣ ತೆಗೆಯಹೋದೆ. "ನಿಲ್ಲಿ ಸಾರ್," ಎಂದು ಹುಡುಗನಿಂದ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ತರಿಸಿದರು. ಎರಡು ವೈರು ಅದಲುಬದಲಾದರೆ ಮೋಟರ್ ಹಿಂದುಮುಂದಾಗಿ ಸುತ್ತುತ್ತದೆ. ಸದ್ದು ಅದೇ, ಗಾಳಿ ಮಾತ್ರ ಹೊರಕ್ಕೆ. ಹಾಳೆಯನ್ನು ಮುಂದಿನ ಜಾಲರಿಗೆ ಹಿಡಿದು ಕೈ ಬಿಟ್ಟರು. ಅದು ಅಲ್ಲೇ ಅಂಟಿಕೊಂಡು ನಿಂತಿತು.