ಮಂಕಿ ಟಾಪ್‌ನಿಂದ ಮೂವತ್ತು-ನಲವತ್ತರ ನಿವೇಶನದವರೆಗೆ

ಮನುಷ್ಯನಿಗೆ ಗಿಡಮರ, ಬೆಳಕು, ನೀರುಗಳ ಮೇಲಿರುವ ಹುಟ್ಟೊಲವನ್ನು ಲೆಕ್ಕಕ್ಕೆ ತೆಗೆದುಕೊಂಡು ಮನೆಯ ನಕ್ಷೆ ರೂಪಿಸುವುದನ್ನು ವಾಸ್ತುಶಿಲ್ಪಿಗಳು ಈಗ ‘ಬಯೋಫಿಲಿಕ್ ವಿನ್ಯಾಸ’ ಎನ್ನುತ್ತಾರೆ. ಅಮೆರಿಕದ ಜೀವವಿಜ್ಞಾನಿ ಇ.ಒ. ವಿಲ್ಸನ್ ಅವರ ‘ಬಯೋಫಿಲಿಯಾ’ ಕೃತಿ 1984ರಲ್ಲಿ ಪ್ರಕಟವಾದ ಮೇಲೆ ಈ ಪರಿಕಲ್ಪನೆ ಹೆಚ್ಚು ಪ್ರಚಾರಕ್ಕೆ ಬಂತು. ಹೆಸರು ಹೊಸದಾದರೂ ಕೆಲಸ ಹಳೆಯದೆಂಬುದನ್ನು 1809ರಲ್ಲಿ ಬೆಂಗಳೂರಿನ ಹಲಸೂರಿನ ಆಸುಪಾಸಿನಲ್ಲಿ ನೆಲೆಗೊಂಡ ದಂಡುಪ್ರದೇಶದ, ಅಂದರೆ ಕಂಟೋನ್ಮೆಂಟಿನ, ಅಳಿದುಳಿದ ಬಂಗಲೆಗಳು ತೋರಿಸುತ್ತವೆ.

ಈ ಬಂಗಲೆಗಳ ಗುರುತೆಂದರೆ ಮಂಕಿ ಟಾಪ್. ಕಿಟಕಿಯ ಅಥವಾ ಪೋರ್ಟಿಕೋದ ನೆತ್ತಿಯ ಮೇಲೆ ಚೂಪಾಗಿ ಮುಂಚಾಚಿ, ಕೆಳಗೆ ಲಂಬವಾದ ಮರದ ಪಟ್ಟಿಗಳನ್ನು ಇಳಿಬಿಟ್ಟುಕೊಂಡಿರುವ ಈ ಮರದ ಮುಡಿ ನೋಟಕ್ಕೆ ಬರಿಯ ಅಲಂಕಾರದಂತೆ ಕಂಡರೂ, ಓರೆ ಬಿಸಿಲನ್ನೂ ಇರಚಲನ್ನೂ ತಡೆದು, ಪಟ್ಟಿಗಳ ಸಂದಿನಿಂದ ಗಾಳಿಯನ್ನು ಒಳಗೆ ಬಿಡುವುದೇ ಅದರ ಅಸಲು ಕೆಲಸ. ಅನೇಕ ಬಂಗಲೆಗಳಿಗೆ ಮದ್ರಾಸ್ ತಾರಸಿಯ ಛಾವಣಿಯಿತ್ತು: ಮರದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಮಗ್ಗುಲಾಗಿ, ಓರೆ ಸಾಲಿನಲ್ಲಿ ಸುಣ್ಣದ ಗಾರೆಯಿಂದ ಕೂಡಿಸಿ, ಅದರ ಮೇಲೆ ಇಟ್ಟಿಗೆ ಜಲ್ಲಿಯ ಪದರವನ್ನು ಬಡಿದು ಗಟ್ಟಿ ಮಾಡುವ ಈ ವಿಧಾನದಿಂದ ಬಿಸಿಲಿನ ಕಾವು ಕೋಣೆಗೆ ಇಳಿಯುವುದು ನಿಧಾನವಾಗುತ್ತಿತ್ತು, ಮೇಲೇರಿದ ಬಿಸಿಗಾಳಿಗೆ ಎತ್ತರದ ಗೋಡೆಯ ವೆಂಟಿಲೇಟರುಗಳು ದಾರಿ ಬಿಡುತ್ತಿದ್ದವು.

ಆದರೆ ಬಂಗಲೆಯ ಪ್ರಕೃತಿಪ್ರೇಮವನ್ನು ಹೊಗಳುವವರು ಅದಕ್ಕೆ ಬೇಕಾಗಿದ್ದ ನೆಲವನ್ನೂ ಮಾಲಿಗಳ ದುಡಿಮೆಯನ್ನೂ ಮರೆಯುವುದುಂಟು. ವಿಶಾಲ ಕಾಂಪೌಂಡುಗಳಿಗೆ ತುಸುವೇ ದೂರದಲ್ಲಿ, ಆಗ ಬ್ಲಾಕ್‌ಪಳ್ಳಿ ಎನಿಸಿಕೊಂಡಿದ್ದ ಇಂದಿನ ಶಿವಾಜಿನಗರದಲ್ಲಿ, ಮನೆಗಳು ಒಂದಕ್ಕೊಂದು ಒತ್ತಿಕೊಂಡಿದ್ದವು. 1898ರಲ್ಲಿ ಪ್ಲೇಗು ಬಂದಾಗ ಗಾಳಿ, ಬೆಳಕು ಸಾಲದ ಇಕ್ಕಟ್ಟಿನ ವಸತಿಗಳತ್ತ ಆಡಳಿತದ ಕಣ್ಣು ಹೊರಳಿತು. ಮುಂದೆ ಫ್ರೇಜರ್ ಟೌನನ್ನು ಪ್ಲೇಗು ಸುಳಿಯದ ಬಡಾವಣೆಯಾಗಬೇಕೆಂಬ ಉದ್ದೇಶದಿಂದಲೇ ಯೋಜಿಸಲಾಯಿತು. ಅಲ್ಲಿ ಗಾಳಿ ಬೆಳಕು ಸೊಗಸಿನ ಮಾತಾಗಿರದೆ ಜೀವದ ಪ್ರಶ್ನೆಯಾಗಿತ್ತು.

ದೊಡ್ಡ ಕಾಂಪೌಂಡಿಲ್ಲದೆಯೂ ಇದು ಸಾಧ್ಯವೆಂಬುದು ಕನ್ನಡನಾಡಿನ ತೊಟ್ಟಿಮನೆಗೆ ಮೊದಲೇ ಗೊತ್ತಿತ್ತು. ಬಂಗಲೆ ತೋಟದ ನಡುವೆ ಹೋಗಿ ಕುಳಿತರೆ, ತೊಟ್ಟಿಮನೆ ಆಕಾಶವನ್ನೇ ತನ್ನ ನಡುವೆ ಇಳಿಸಿಕೊಂಡಿತು. ಇಂದಿರಾನಗರದ ಒಳರಸ್ತೆಗಳಲ್ಲಾಗಲಿ ಕೆ.ಆರ್. ಪುರದ ಹೊಸ ಬಡಾವಣೆಗಳಲ್ಲಾಗಲಿ ಮೂವತ್ತು-ನಲವತ್ತರ ನಿವೇಶನದಲ್ಲಿ ಮನೆ ಕಟ್ಟುವವರಿಗೆ ಹತ್ತಿರದ ಮಾದರಿ ಬಂಗಲೆಯಲ್ಲ, ಈ ತೊಟ್ಟಿಯೇ. ಮೆಟ್ಟಿಲುಗಳ ನಡುವಿನ ತೆರಪನ್ನು ತಾರಸಿಯವರೆಗೆ ತೆರೆದಿಟ್ಟು ಅದರ ತಲೆಯಲ್ಲಿ ಜಾಲಂಧ್ರ ಕೊಟ್ಟರೆ ಬಿಸಿಗಾಳಿ ಹೊರಹೋಗುತ್ತದೆ, ನಡುಮನೆಗೆ ಹಗಲಿನ ಬೆಳಕೂ ಬೀಳುತ್ತದೆ. ಇದನ್ನು ಬಿಟ್ಟು ಪಡುವಣ ಗೋಡೆಗೆ ಅಗಲವಾದ ಗಾಜು ಹಾಕಿಸಿ, ಬಿಸಿಲು ತಾಳದೆ ದಪ್ಪ ಪರದೆ ಎಳೆದು, ಮಟಮಟ ಮಧ್ಯಾಹ್ನ ದೀಪ ಹಚ್ಚಿ, ಬಾಲ್ಕನಿಗೆ ಪ್ಲಾಸ್ಟಿಕ್ ಹುಲ್ಲು ಹಾಸುವ ಮನೆಗಳೂ ಇದೇ ರಸ್ತೆಗಳಲ್ಲಿವೆ.

ನೀರಿನ ಲೆಕ್ಕ ಇನ್ನೂ ಸರಳ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರಿನಷ್ಟು ಮಳೆ ಬೀಳುವುದರಿಂದ 1,000 ಚದರಡಿಯ ತಾರಸಿಯ ಮೇಲೆ ಸುಮಾರು 90,000 ಲೀಟರ್ ನೀರು ಸುರಿಯುತ್ತದೆ. 2009ರಲ್ಲಿ ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿ ತಂದು ಮಳೆನೀರು ಸಂಗ್ರಹವನ್ನು ಕಡ್ಡಾಯಗೊಳಿಸಿದ್ದರೂ, ತಾರಸಿಯ ಪೈಪನ್ನು ಸಂಪಿಗೋ ಇಂಗುಗುಂಡಿಗೋ ಜೋಡಿಸದೆ ನೇರವಾಗಿ ಮೋರಿಗೆ ಬಿಟ್ಟ ಮನೆಯಿಂದ ಹರಿದುಹೋಗುವುದು 6,000 ಲೀಟರಿನ ಟ್ಯಾಂಕರಿನ ಲೆಕ್ಕದಲ್ಲಿ ವರ್ಷಕ್ಕೆ 15 ಲೋಡು ನೀರು.