ಗೆರೆ ದಾಟುವ ಕ್ಷಣದ ಕ್ರಿಯಾಪದ: ಪಂದ್ಯದ ವೀಕ್ಷಕ ವಿವರಣೆಯ ಕನ್ನಡವನ್ನು ಕುರಿತು

ಚಿಂಚೋಳಿ ತಾಲ್ಲೂಕಿನ ಕುಂಚಾವರಂ ತೆಲಂಗಾಣದ ಗಡಿಗೆ ಹತ್ತಿಕೊಂಡಿರುವ ಊರು. ಅಲ್ಲಿ ರಸ್ತೆಯ ಬದಿಯಲ್ಲಿ ಕಾದು ನಿಂತವರು ದೂರದ ತಿರುವಿನಲ್ಲಿ ವಾಹನ ಕಂಡೊಡನೆ ‘ಬಸ್ ಬಂತು’ ಎನ್ನುತ್ತಾರೆ. ತೆಲುಗಿನವರು ‘ವಚ್ಚಿಂದಿ’ ಎನ್ನುತ್ತಾರೆ. ಬಸ್ಸು ಇನ್ನೂ ಬಂದಿರುವುದಿಲ್ಲ. ಆದರೂ ಈ ಮಾತನ್ನು ಯಾರೂ ಸುಳ್ಳೆಂದು ಎಣಿಸುವುದಿಲ್ಲ. ನಮ್ಮ ವ್ಯಾಕರಣಗಳು ಕಾಲಪಲ್ಲಟವೆಂದು ಹೆಸರಿಸಿ ಒಂದೆರಡು ಉದಾಹರಣೆಗಳಲ್ಲಿ ಮುಗಿಸಿಬಿಡುವ ಈ ಪ್ರಯೋಗವು, ಓಟದ ಪಂದ್ಯದ ಕೊನೆಯ ಕ್ಷಣವನ್ನು ಕನ್ನಡದಲ್ಲಿ ವಿವರಿಸುವವನಿಗೆ ದೊರೆಯುವ ಮುಖ್ಯ ಆಸರೆಯಾಗಿದೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಕ್ರೀಡಾ ವಿವರಣೆಯನ್ನು ಒಂದು ಪ್ರತ್ಯೇಕ ನುಡಿಬಗೆಯಾಗಿ ಪರಿಶೀಲಿಸಿದವರಲ್ಲಿ ಚಾರ್ಲ್ಸ್ ಫರ್ಗ್ಯುಸನ್ ಪ್ರಮುಖರು. 1983ರ ತಮ್ಮ ಲೇಖನದಲ್ಲಿ ಅವರು, ಅಮೆರಿಕದ ವಿವರಣಕಾರರು ವಾಕ್ಯದ ಕೆಲವು ಅಂಗಗಳನ್ನು ಬಿಟ್ಟುಬಿಡುವುದನ್ನೂ ಕರ್ತೃವನ್ನು ಕ್ರಿಯೆಯ ನಂತರಕ್ಕೆ ತಳ್ಳುವುದನ್ನೂ ಗುರುತಿಸಿದರು. ಹೀಗೆ ತಳ್ಳುವುದರಿಂದ ಆಟಗಾರ ಯಾರೆಂದು ಗುರುತಿಸಲು ಅರೆಗಳಿಗೆ ದೊರೆಯುತ್ತದೆ. ಕನ್ನಡದಲ್ಲಿ ತೊಡಕು ಬೇರೆ ಬಗೆಯದು. ಇಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಹೆಸರನ್ನು ಮೊದಲೇ ಹೇಳಿ, ಫಲಿತಾಂಶಕ್ಕಾಗಿ ಕಾಯಬೇಕಾಗುತ್ತದೆ. ‘ದಾಟುತ್ತಾರೆ’ ಎಂದರೆ ರೂಢಿಯೋ ಭವಿಷ್ಯವೋ ಆಗಿಬಿಡುತ್ತದೆ. ‘ದಾಟುತ್ತಿದ್ದಾರೆ’ ಎನ್ನಲು ಐದು ಅಕ್ಷರ ಬೇಕು. ಅಷ್ಟು ಹೊತ್ತಿಗೆ ಓಟ ಮುಗಿದಿರುತ್ತದೆ. ‘ಬಂತು’ ಎನ್ನಲು ಎರಡೇ ಅಕ್ಷರ ಸಾಕು.

ಎರಡನೆಯ ತೊಡಕು ಲಿಂಗ-ವಚನಗಳದು. ಕ್ರಿಯಾಪದದ ಕೊನೆಯಲ್ಲಿ ‘ಇತು’, ‘ಅರು’, ‘ಅವು’ ಇವುಗಳಲ್ಲಿ ಒಂದನ್ನು ಆರಿಸಲೇಬೇಕು. ಇಂಗ್ಲಿಷಿನ ಭೂತಕಾಲಕ್ಕೆ ಈ ಬಾಧೆಯಿಲ್ಲ. ಹೊರನೋಟಕ್ಕೆ ಮಾರುಕಟ್ಟೆಯ ಕಾರನ್ನೇ ಹೋಲುವ ಸ್ಟಾಕ್ ಕಾರುಗಳ ಪಂದ್ಯದಲ್ಲಿ ಕಾರಿಗೊಂದು ಸಂಖ್ಯೆ, ಚಾಲಕನಿಗೊಂದು ಹೆಸರು, ತಂಡಕ್ಕೊಬ್ಬ ಒಡೆಯ. ಗೆರೆ ‘ದಾಟಿತು’ ಎನ್ನಬೇಕೋ ‘ದಾಟಿದರು’ ಎನ್ನಬೇಕೋ? ಅಲ್ಲಿನ ವಿವರಣಕಾರ ಈ ಪ್ರಶ್ನೆಯನ್ನು ಎದುರಿಸಬೇಕಾಗಿಲ್ಲ, ಕನ್ನಡದವನು ಎದುರಿಸಲೇಬೇಕು.

ಕರಾವಳಿಯ ಕಂಬಳದಲ್ಲಿ ಈ ಪ್ರಶ್ನೆ ಇನ್ನಷ್ಟು ಸ್ಪಷ್ಟವಾಗಿ ಎದ್ದುಕಾಣುತ್ತದೆ. ಜೋಡುಕರೆಯ ಕಂಬಳದಲ್ಲಿ ಅಕ್ಕಪಕ್ಕದ ಎರಡು ಕೆಸರಿನ ಕರೆಗಳಲ್ಲಿ ಎರಡು ಜೋಡಿ ಕೋಣಗಳು ಮಂಜೊಟ್ಟಿಯ ಕಡೆಗೆ ಓಡುತ್ತವೆ. ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂಬ ವಿಭಾಗಗಳಿವೆ (ಕನೆಹಲಗೆಯಲ್ಲಿ ಮುಖ್ಯವಾದುದು ವೇಗವಲ್ಲ, ನೀರು ಚಿಮ್ಮುವ ಎತ್ತರ, ಅದು ಇಲ್ಲಿನ ಚರ್ಚೆಗೆ ಹೊರತು). ಧ್ವನಿವರ್ಧಕದಲ್ಲಿಯೂ ನೇರಪ್ರಸಾರದಲ್ಲಿಯೂ ಕೇಳಿಬರುವ ತುಳು-ಕನ್ನಡ ಬೆರೆತ ವಿವರಣೆಯಲ್ಲಿ ಊರು, ಮನೆತನ, ಯಜಮಾನರ ಹೆಸರು, ‘ಎ’ ಅಥವಾ ‘ಬಿ’ ಎಂಬ ಜೋಡಿಯ ಗುರುತು, ಇಷ್ಟೂ ಸೇರಿ ಒಂದು ಉದ್ದನೆಯ ನಾಮಪದವಾಗುತ್ತದೆ. ಓಟವಾದರೋ ಹದಿಮೂರು-ಹದಿನಾಲ್ಕು ಸೆಕೆಂಡುಗಳಲ್ಲಿ ಮುಗಿಯಬಹುದು. ಆದ್ದರಿಂದ ಪೂರ್ಣ ಹೆಸರನ್ನು ಓಟಕ್ಕೆ ಮೊದಲೇ ಹೇಳಿಟ್ಟರೆ, ಕೋಣಗಳು ಬಿಟ್ಟೋಡಿದ ಮೇಲೆ ಕರೆಯ ಹೆಸರೊಂದರಿಂದಲೇ ಸಾಗಬಹುದು. 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ಕಂಬಳದಲ್ಲಿ ಕರೆಗಳಿಗೆ ‘ರಾಜ’, ‘ಮಹಾರಾಜ’ ಎಂಬ ಹೆಸರುಗಳಿದ್ದವು. ಇಂತಹ ಹೆಸರುಗಳನ್ನು ಸಾಮಾನ್ಯವಾಗಿ ಅಲಂಕಾರವೆಂದೇ ತಿಳಿಯುತ್ತೇವೆ. ಆದರೆ ವಿವರಣೆಯ ವ್ಯಾಕರಣದಲ್ಲಿ ಅವು ಸರ್ವನಾಮಗಳ ಕೆಲಸವನ್ನು ಮಾಡಬಲ್ಲವು.

ಇಲ್ಲಿ ಗೆದ್ದವರು ಯಾರು? ಫಲಿತಾಂಶದ ಪಟ್ಟಿಯಲ್ಲಿ ಮೊದಲು ಯಜಮಾನರ ಹೆಸರಿರುತ್ತದೆ; ಅನಂತರ ‘ಓಡಿಸಿದವರು’ ಎಂದು ಓಟಗಾರನ ಹೆಸರು. ಕೋಣಗಳು ಓಡಿದವು, ಓಟಗಾರ ಓಡಿಸಿದ, ಯಜಮಾನರು ಗೆದ್ದರು: ಒಂದೇ ಘಟನೆಗೆ ಮೂರು ಕ್ರಿಯಾಪದ, ಮೂರು ಪ್ರತ್ಯಯ. ಕೆಸರಿನಲ್ಲಿ ತಾನೂ ಪ್ರಾಣವನ್ನು ಪಣಕ್ಕಿಟ್ಟಂತೆ ಓಡುವವನು ಪ್ರೇರಣಾರ್ಥಕದಲ್ಲಿ ಮಾತ್ರ ಉಳಿಯುತ್ತಾನೆ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದ ಸುದ್ದಿ ಹೊರಜಗತ್ತಿಗೆ ತಲುಪಿದಾಗ ಈ ಕ್ರಮ ತಲೆಕೆಳಗಾಯಿತು. ಅವರನ್ನು ಉಸೇನ್ ಬೋಲ್ಟ್‌ಗೆ ಹೋಲಿಸಿದ ಪತ್ರಿಕೆಗಳಲ್ಲಿ ‘ಓಡಿಸಿದವರು’ ‘ಓಡಿದವರು’ ಆದರು. ಕೋಣಗಳು ಹಿನ್ನೆಲೆಗೆ ಸರಿದವು. ಹೋಲಿಕೆ ಎಷ್ಟು ಸರಿ ಎಂಬ ವಾದವೇ ಬಹಳ ನಡೆಯಿತು. ಕ್ರಿಯಾಪದ ಬದಲಾದುದನ್ನು ಗಮನಿಸಿದವರು ಕಡಿಮೆ.

ಭೂತಕಾಲದ ಬಳಕೆಯಲ್ಲಿ ಅಪಾಯವೂ ಉಂಟು. 1959ರಲ್ಲಿ ಅಮೆರಿಕದ ಡೇಟೋನಾದಲ್ಲಿ ನಡೆದ ಮೊದಲ 500 ಮೈಲಿ ಪಂದ್ಯದಲ್ಲಿ ಜಾನಿ ಬೋಷಾಂಪ್ ಗೆದ್ದರೆಂದು ಘೋಷಿಸಲಾಯಿತು. ಚಿತ್ರಗಳನ್ನು ಪರಿಶೀಲಿಸಿ, ಮೂರು ದಿನಗಳ ನಂತರ ಲೀ ಪೆಟ್ಟಿ ಅವರನ್ನು ವಿಜೇತರೆಂದು ಸಾರಲಾಯಿತು. ಅದೇ ಪಂದ್ಯ 1979ರಲ್ಲಿ ಮೊದಲ ಬಾರಿಗೆ ಆದ್ಯಂತವಾಗಿ ದೂರದರ್ಶನದಲ್ಲಿ ನೇರಪ್ರಸಾರವಾಯಿತು. ಕೊನೆಯ ಸುತ್ತಿನಲ್ಲಿ ಮುಂದಿದ್ದ ಇಬ್ಬರೂ ಪರಸ್ಪರ ಡಿಕ್ಕಿ ಹೊಡೆದು ಹೊರಬಿದ್ದರು. ಮಾತುಗಾರ ಕೆನ್ ಸ್ಕ್ವಯರ್ ಅವರ ವಿವರಣೆಯೂ ಛಾಯಾಗ್ರಾಹಕರ ಕಣ್ಣೂ ಬಹಳ ಹಿಂದಿದ್ದ ರಿಚರ್ಡ್ ಪೆಟ್ಟಿ ಅವರ ಕಡೆಗೆ ತಟ್ಟನೆ ಹೊರಳಬೇಕಾಯಿತು. 2024ರ ಕಾನ್ಸಾಸ್ ಪಂದ್ಯದಲ್ಲಂತೂ ಮೊದಲಿಬ್ಬರ ನಡುವಣ ಅಂತರ 0.001 ಸೆಕೆಂಡು. ಅದನ್ನು ಕಣ್ಣು ಅಳೆಯಲಾರದು.

ಕಂಬಳದಲ್ಲಿಯೂ ಈಗ ಲೇಸರ್ ಕಿರಣಗಳು ಗೆರೆಯನ್ನು ಕಾಯುತ್ತವೆ. ಇಂತಹ ಕಡೆ ‘ಬಂತು’ ಮತ್ತು ‘ಗೆದ್ದಿತು’ ಎಂಬ ಎರಡು ಭೂತಕಾಲಗಳ ಭೇದ ಮುಖ್ಯವಾಗುತ್ತದೆ. ಕುಂಚಾವರಂನ ತಿರುವಿನಲ್ಲಿ ಕಂಡ ವಾಹನ ಹತ್ತಿರವಾದಾಗ ಲಾರಿಯಾಗಿದ್ದರೆ, ‘ಬಂತು’ ಎಂದವನು ನಕ್ಕು ಸುಮ್ಮನಾಗುತ್ತಾನೆ. ಆ ಮಾತನ್ನು ಹಿಂದಕ್ಕೆ ಪಡೆಯಬಹುದು. ‘ಗೆದ್ದಿತು’ ಎಂಬುದಕ್ಕೆ ಆ ಸಲಿಗೆ ಇಲ್ಲ; ಅದನ್ನು ತೀರ್ಪುಗಾರರು ಹೇಳಬೇಕು.