ಹೆಸರು ಬದಲಿಸುವ ಮುನ್ನ: ಬೆಂಗಳೂರು ದಂಡುಪ್ರದೇಶದ ಮೂರು ನಿದರ್ಶನಗಳು

ರೂಢಿಯಲ್ಲಿರುವ ಹೆಸರೊಂದನ್ನು ಬದಲಿಸಬೇಕೆ ಎಂಬ ಪ್ರಶ್ನೆ ಎದ್ದಾಗ, ಹೊಸ ಹೆಸರು ಯೋಗ್ಯವೆ ಎಂದು ಎಲ್ಲರೂ ಚರ್ಚಿಸುತ್ತಾರೆ. ಹಳೆಯ ಹೆಸರು ಮಾಡುತ್ತಿದ್ದ ಕೆಲಸವನ್ನು ಇನ್ನು ಯಾವುದು ಮಾಡಬೇಕು ಎಂದು ಕೇಳುವವರು ವಿರಳ. ಬೆಂಗಳೂರಿನ ಪೂರ್ವಭಾಗದ ಮೂರು ನಿದರ್ಶನಗಳಿಂದ ಈ ವಿಚಾರವನ್ನು ಪರಿಶೀಲಿಸಬಹುದು.

ಮೊದಲನೆಯದು ಹಲಸೂರು. 1809ರಲ್ಲಿ ಬ್ರಿಟಿಷರ ದಂಡು ಇಲ್ಲಿ ನೆಲೆಯೂರುವುದಕ್ಕೆ ಮೊದಲೇ ಇದ್ದ ಊರಿದು. ಆಂಗ್ಲರ ಬಾಯಲ್ಲಿ ಅದು ‘ಅಲ್ಸೂರ್’ ಆಯಿತು. 2011ರಲ್ಲಿ ಮೆಟ್ರೊ ರೈಲು ಆರಂಭವಾದಾಗ ಅಲ್ಲಿಯ ನಿಲ್ದಾಣಕ್ಕೆ ಹಲಸೂರು ಎಂದೇ ಹೆಸರಾಯಿತು. ಇದು ನಾಮಾಂತರವಲ್ಲ, ಕಾಗುಣಿತದ ತಿದ್ದುಪಡಿ. ಕನ್ನಡಿಗನು ಹೊಸದಾಗಿ ಕಲಿಯಬೇಕಾದುದು ಏನೂ ಇರಲಿಲ್ಲ. 2014ರ ನವೆಂಬರ್ 1ರಂದು ‘ಬ್ಯಾಂಗಲೋರ್’ ಬೆಂಗಳೂರಾದುದೂ ಇದೇ ವರ್ಗಕ್ಕೆ ಸೇರುತ್ತದೆ.

ಎರಡನೆಯದು ಶಿವಾಜಿನಗರ. ಇದರ ಹಿಂದಿನ ಹೆಸರು ಬ್ಲಾಕ್‌ಪಲ್ಲಿ. ಅದು ‘ಬಿಳಿ ಅಕ್ಕಿ ಪಳ್ಳಿ’ಯಿಂದ ಬಂದುದೆಂದು ಕೆಲವರ ಮತ, ದಂಡುಪ್ರದೇಶದ ನಿರ್ಮಾಣದೊಡನೆ ಸಂಬಂಧವಿದ್ದ ಜಾನ್ ಬ್ಲಾಕಿಸ್ಟನ್‌ನಿಂದ ಬಂದುದೆಂದು ಮತ್ತೆ ಕೆಲವರ ಮತ. ಒಂದು ಬತ್ತದ ಹಳ್ಳಿಯನ್ನೂ ಇನ್ನೊಂದು ಸೈನಿಕ ನೆಲೆಯನ್ನೂ ಸೂಚಿಸುತ್ತದೆ. ಹೆಸರು ಮರೆತರೆ ಈ ಪ್ರಶ್ನೆಯೂ ಮರೆಯಾಗುತ್ತದೆ. ಹಳೆಯ ಕಾಗದಪತ್ರದಲ್ಲಿ ಬ್ಲಾಕ್‌ಪಲ್ಲಿಯನ್ನು ಕಂಡ ವಿದ್ಯಾರ್ಥಿಯು ಇಂದಿನ ಭೂಪಟದಲ್ಲಿ ಅದನ್ನು ಹುಡುಕಿ ಬರಿಗೈಯಲ್ಲಿ ಹಿಂದಿರುಗುತ್ತಾನೆ.

ಮೂರನೆಯದು ರೈಲ್ವೆ ನಿಲ್ದಾಣಗಳದು. 1864ರಲ್ಲಿ ಜೋಲಾರಪೇಟೆಯಿಂದ ರೈಲುಮಾರ್ಗ ಬಂದು ಸೇರಿದುದು ದಂಡು ನಿಲ್ದಾಣಕ್ಕೆ. 1881ರಿಂದ ಪ್ರತ್ಯೇಕ ಆಡಳಿತದಲ್ಲಿದ್ದ ‘ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್’ 1947ರಲ್ಲಿ ಮೈಸೂರಿಗೆ ಮರಳಿ, 1949ರಲ್ಲಿ ನಗರದೊಡನೆ ಒಂದೇ ಕಾರ್ಪೊರೇಷನ್ ಆಯಿತು. ನಿಲ್ದಾಣದ ಹೆಸರಿನಲ್ಲಿ ಮಾತ್ರ ದಂಡು ಉಳಿದಿದೆ. ನಗರ ನಿಲ್ದಾಣವಾದರೋ 2010ರ ದಶಕದಲ್ಲಿ ಸಂಗೊಳ್ಳಿ ರಾಯಣ್ಣನ ಹೆಸರನ್ನು ಪಡೆಯಿತು. ಆದರೆ ರೈಲ್ವೆಯ ಸಂಕೇತವಾದ ‘ಎಸ್‌ಬಿಸಿ’ ಬದಲಾಗಲಿಲ್ಲ. ಫಲಕದ ಹೆಸರು ಗೌರವಕ್ಕೆ, ಸಂಕೇತವು ಗುರುತಿಗೆ. ಒಂದನ್ನು ಬದಲಿಸುವಾಗ ಇನ್ನೊಂದನ್ನು ಕದಲಿಸಲೇಬೇಕೆಂಬ ನಿಯಮವಿಲ್ಲ.

ಇದರಿಂದ ತಿಳಿಯಬೇಕಾದುದಿಷ್ಟು: ಕೆಟ್ಟುಹೋದ ಉಚ್ಚಾರವನ್ನು ತಿದ್ದಲು ಹಿಂಜರಿಯಬೇಕಾಗಿಲ್ಲ. ಹೆಸರನ್ನೇ ಬದಲಿಸುವುದಾದರೆ, ಹಳೆಯದರಿಂದ ಹೊಸದಕ್ಕೆ ದಾರಿ ತೋರುವ ಪಟ್ಟಿಯೊಂದು ಕಚೇರಿಯಲ್ಲಿಯೂ ಗ್ರಂಥಭಂಡಾರದಲ್ಲಿಯೂ ಇರಬೇಕು. ಹೆಸರಿಡುವ ಅಧಿಕಾರ ಪ್ರತಿಯೊಂದು ಪೀಳಿಗೆಗೂ ಉಂಟು. ಹಿಂದಿನವರ ಪತ್ರಗಳನ್ನು ವಿಳಾಸವಿಲ್ಲದಂತೆ ಮಾಡುವ ಅಧಿಕಾರ ಯಾರಿಗೂ ಇಲ್ಲ.